ಮೇಲೆ ರೊಟ್ಟಿ, ಕೆಳಗೆ ಹಿಟ್ಟು

ಬಾಗಿಲ ಚಿಲಕ ತೆಗೆದ ಸದ್ದಾದರೂ ಸಾಕು, ಪೊಲೀಸರು ಬಂದುಬಿಡುತ್ತಾರೆ ಎಂದು ನನ್ನ ತಮ್ಮ ಅನಿ ನಂಬಿದ್ದ ದಿನಗಳವು. ನಂಬಿಸಿದವಳು ನಾನೇ. ಏಳು ವರ್ಷದ ತುಂಟನನ್ನು ಮನೆಯೊಳಗೆ ಹಿಡಿದಿಡಲು ಹದಿಮೂರು ವರ್ಷದವಳಿಗೆ ಇನ್ನೇನು ಉಪಾಯ ಹೊಳೆಯುತ್ತದೆ ಹೇಳಿ? ಕೊರೊನಾದ ಎರಡನೇ ವರ್ಷ ಅದು. ನೀವೂ ಎಲ್ಲೋ ಒಂದು ಮನೆಯೊಳಗೆ ಹಾಗೇ ಕೂತಿದ್ದಿರಿ, ಆದ್ದರಿಂದ ಆ ವಾಸನೆಗಳು ನಿಮಗೂ ನೆನಪಿರುತ್ತವೆ: ಅಂಗೈಯ ಸ್ಯಾನಿಟೈಸರ್, ಒಲೆಯ ಮೇಲಿನ ಶುಂಠಿ-ಮೆಣಸಿನ ಕಷಾಯ, ಡೆಟಾಲಿನಲ್ಲಿ ಅದ್ದಿದ ಮಾಸ್ಕುಗಳು. ನಮ್ಮ ಮನೆಯಲ್ಲಿ ಇವುಗಳ ಜೊತೆಗೆ ಕೊಳೆತ ಮೊಟ್ಟೆಯ ವಾಸನೆಯೂ ಇತ್ತು. ಅದು ಅಮ್ಮನ ಮಣ್ಣಿನ ಬಕೆಟ್ಟಿನಿಂದ ಬರುತ್ತಿತ್ತು.

ನಾವಿದ್ದದ್ದು ಮಲೇಷ್ಯಾದಲ್ಲಿ, ಪುತ್ರಜಯಾದಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ ದೂರದ ಒಂದು ಸಾಲುಮನೆಯಲ್ಲಿ. ಅಪ್ಪ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು, ಶನಿವಾರ ಬಂದು ಸೋಮವಾರ ಬೆಳಗ್ಗೆ ಹೋಗುತ್ತಿದ್ದರು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಕೂಡದು ಎಂದಾದ ಮೇಲೆ ಅವರು ಅಲ್ಲೇ ಉಳಿದರು. ಎರಡು ಗಂಟೆಯ ದಾರಿ. ಆಗ ಅದು ನಮ್ಮೂರು ಹುಬ್ಬಳ್ಳಿಗಿಂತ ದೂರವಾಯಿತು.

ಅಮ್ಮ ಧಾರವಾಡದವಳು. ಮಣ್ಣಿನ ಬಗ್ಗೆ ಓದಿ, ಇಲ್ಲಿಯ ವಿಶ್ವವಿದ್ಯಾಲಯವೊಂದರಲ್ಲಿ ಅದನ್ನೇ ಕಲಿಸುತ್ತಿದ್ದಳು. ಕಾಲೇಜು ಮುಚ್ಚಿದ ಮೇಲೆ ಊಟದ ಮೇಜೇ ಅವಳ ತರಗತಿ. ಆ ತಿಂಗಳು ಅವಳು ಪಾಠ ಮಾಡುತ್ತಿದ್ದದ್ದು ಹಿಮ ಕರಗಿ ಆದ ಸರೋವರಗಳ ಬಗ್ಗೆ, ಅವು ಬತ್ತಿದ ಮೇಲೆ ಉಳಿದ ಬಯಲಿನ ಜೇಡಿಮಣ್ಣಿನ ಬಗ್ಗೆ. ಪುಸ್ತಕ ಚಳಿ ದೇಶದವರದು. ಐಸ್ ಹೆರೆದು ಪಾಕ ಸುರಿದು ಕೊಡುವ ಐಸ್ ಕಚಾಂಗ್ ಬಿಟ್ಟರೆ ಬೇರೆ ಹಿಮವನ್ನೇ ಕಂಡಿರದ ಹುಡುಗ ಹುಡುಗಿಯರಿಗೆ ಅದನ್ನು ಹೇಗೆ ತೋರಿಸುವುದು? ಅಮ್ಮ ನಮ್ಮ ಮನೆಯ ಹಿಂದಿನಿಂದ ಒಂದು ಬಕೆಟ್ ಮಣ್ಣು ತಂದು ಕ್ಯಾಮೆರಾದ ಮುಂದೆ ಇಟ್ಟಳು.

ಹಿಂದೆ ಇದ್ದದ್ದು ಹಳೆಯ ತವರದ ಗಣಿಯ ಕೆರೆ. ಅದಿರು ತೊಳೆದ ನೀರೆಲ್ಲ ಎಷ್ಟೋ ವರ್ಷ ಅಲ್ಲಿ ಬಂದು ನಿಂತಿತ್ತಂತೆ. ಹಿಮವಿಲ್ಲದಿದ್ದರೂ ಮಣ್ಣಿನ ಗುಣ ಅದೇ ಎನ್ನುತ್ತಿದ್ದಳು ಅಮ್ಮ. ಮಧ್ಯಾಹ್ನ ಊಟಕ್ಕೆ ಕೂತಾಗ ನಮಗೂ ಪಾಠ ತಪ್ಪುತ್ತಿರಲಿಲ್ಲ.

"ನಿಂತ ನೀರಾಗ ಸಣ್ಣ ಸಣ್ಣ ಕಣ ಹಗೂರಕ ತಳಕ್ಕಿಳೀತಾವ. ಹಂಗ ಕೂತ ಮಣ್ಣಾಗ ನೀರು ಇಂಗೂದಿಲ್ಲ, ಗಾಳಿ ಆಡೂದಿಲ್ಲ. ಅದಕ್ಕ ಅದು ಬೂದಿ ಬಣ್ಣ ಆಗತೈತಿ, ನಾರತೈತಿ. ಎಲ್ಲಿ ಒಂಚೂರು ಒಣಗಿ ಗಾಳಿ ಹೊಕ್ಕೈತೋ ಅಲ್ಲಷ್ಟ ತುಕ್ಕಿನ ಚುಕ್ಕಿ ಬೀಳತಾವ. ತಿಳೀತೇನು?"

"ಲೈಕ್ ಸಿಮೆಂಟ್ ಲಾ," ಎನ್ನುತ್ತಿದ್ದ ಅನಿ. ಅವನಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಬಾಯಲ್ಲಿ ಮಾತ್ರ ಬರುತ್ತಿರಲಿಲ್ಲ. ನಾನು ಮೂರನೇ ಕ್ಲಾಸಿನವರೆಗೆ ಹುಬ್ಬಳ್ಳಿಯ ಅಜ್ಜಿಯ ಹತ್ತಿರ ಬೆಳೆದವಳು, ಆದ್ದರಿಂದ ಬಚಾವಾದೆ.

"ಸಿಮೆಂಟಲ್ಲೋ ಮಾರಾಯ. ಮ್ಯಾಲ ರೊಟ್ಟಿ, ಕೆಳಗ ಹಿಟ್ಟು. ಬಿಸಿಲಿಗೆ ಮ್ಯಾಲಿಂದು ಒಣಗಿ ಗಟ್ಟಿ ಕಾಣತೈತಿ. ನಂಬಿ ಕಾಲಿಟ್ಟಿ ಅಂದ್ರ ಕೆಳಗಿನ ಹಿಟ್ಟು ನುಂಗತೈತಿ. ಹುಲ್ಲು ಎಲ್ಲಿಗೆ ಮುಗೀತೈತೋ ಅಲ್ಲಿಗೆ ನೀವೂ ನಿಂದರಬೇಕು."

ಆ ಬಕೆಟ್ಟಿನ ಮಣ್ಣಿನಿಂದಲೇ ನಮ್ಮ ಆಟ. ಒದ್ದೆ ಮಣ್ಣಿನ ಉಂಡೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತುತ್ತ ಒತ್ತುತ್ತ ಪಟ್ಟಿಯಂತೆ ಹೊರಗೆ ಬಿಡಬೇಕು. ಮುರಿಯದೆ ಎಷ್ಟು ಉದ್ದ ಬರುತ್ತದೋ ಅಷ್ಟು ಜೇಡಿ ಇದೆ ಎಂದು ಅಮ್ಮನವರ ವಿದ್ಯೆ. ನಮಗೆ ಅದು ಬರೀ ರಿಬ್ಬನ್ ಆಟ. ನನ್ನ ದಾಖಲೆ ಒಂದು ಗೇಣು. ಅನಿಯದು ಅವನ ಕಿರುಬೆರಳಿನಷ್ಟು. ನಾನು ಅದನ್ನು ದಿನಕ್ಕೆ ನಾಲ್ಕು ಸಲ ನೆನಪಿಸುತ್ತಿದ್ದೆ.

ಹೀಗಿರುವಾಗ ಅಮ್ಮನಿಗೆ ಪಾಸಿಟಿವ್ ಬಂತು. ನಮ್ಮಿಬ್ಬರಿಗೆ ಬರಲಿಲ್ಲ. ಅವಳ ಕೈಗೆ ಗುಲಾಬಿ ಬಣ್ಣದ ಪಟ್ಟಿ ಕಟ್ಟಿದರು, ಹತ್ತು ದಿನ ಕೋಣೆ ಬಿಟ್ಟು ಬರಕೂಡದು ಎಂದರು. ಮಹಡಿಯ ಹಿಂದಿನ ಕೋಣೆ ಸೇರಿದಳು. ಪಕ್ಕದ ಮನೆಯ ಸರೋಜಾ ಆಂಟಿ ತಮಿಳರು. ದಿನವೂ ಇಡಿಯಪ್ಪವನ್ನೋ ಸಾಂಬಾರನ್ನೋ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಗೇಟಿಗೆ ನೇತುಹಾಕಿ, "ತಪಾವ್ ವಂದಿರುಕ್ಕು!", ಊಟದ ಪೊಟ್ಟಣ ಬಂದಿದೆ, ಎಂದು ಕೂಗಿ ಓಡಿಹೋಗುತ್ತಿದ್ದರು. ನಾನು ಅರ್ಧ ತಟ್ಟೆಗೆ ಹಾಕಿ ಮೆಟ್ಟಿಲ ಮೇಲಿಟ್ಟು ಕೆಳಗಿಳಿಯುತ್ತಿದ್ದೆ.

ನನಗೆ ಅಂಜಿಕೆ ಶುರುವಾದದ್ದು ಆಗ. ಅಮ್ಮನಿಗೆ ಹೆಚ್ಚಾದರೆ ಆಂಬ್ಯುಲೆನ್ಸ್ ಬರುತ್ತದೆ, ಅಪ್ಪ ಬರಲಾರರು, ಆಮೇಲೆ ನಮ್ಮಿಬ್ಬರನ್ನು ಎಲ್ಲಿಗೆ ಒಯ್ಯುತ್ತಾರೆ? ಯಾರನ್ನು ಕೇಳುವುದು? ಸ್ನಾನ ಮಾಡುವಾಗಲೂ ನಲ್ಲಿ ನಿಲ್ಲಿಸಿ ಅವಳ ಕೆಮ್ಮು ಕೇಳುತ್ತಿದ್ದೆ. ಕೆಮ್ಮಿದರೂ ಭಯ, ಕೆಮ್ಮದಿದ್ದರೆ ಇನ್ನೂ ಭಯ.

ನಾಲ್ಕನೆಯ ದಿನದ ಮಧ್ಯಾಹ್ನ. ಮೂರು ವಾರದಿಂದ ಮಳೆಯಿರಲಿಲ್ಲ. ಅನಿ ಬಕೆಟ್ಟಿನ ಮುಂದೆ ಕೂತು ರಿಬ್ಬನ್ ಮಾಡುತ್ತಿದ್ದ. ಮಣ್ಣು ಒಣಗಿ ಪುಡಿಯಾಗುತ್ತಿತ್ತು.

"ನಿನ್ ಕೈಲಾಗಲ್ಲ ಹೋಗೋ," ಎಂದೆ ನಾನು. "ಒಣ ಶ್ಯಾವಿಗೆ ಥರ ಮುರೀತಿದೆ."

"ದಿಸ್ ಮಡ್ ಈಸ್ ಓಲ್ಡ್! ಐ ನೀಡ್ ಫ್ರೆಶ್ ವನ್!"

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದು ಅಜ್ಜಿಯ ಗಾದೆ ಎಸೆದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗಣಿತದ ಆನ್‌ಲೈನ್ ಕ್ಲಾಸಿಗೆ ಕೂತೆ. ಎಷ್ಟು ಹೊತ್ತಾಯಿತೋ ತಿಳಿಯದು. ಇಯರ್‌ಫೋನಿನೊಳಗೂ ತೂರಿ ಬಂತು ಅಮ್ಮನ ಕೂಗು. ಶಾಲೂ ಅಲ್ಲ, ಪೂರ್ತಿ ಹೆಸರು.

"ಶಾಲ್ಮಲಾ! ಹಿಂದ ಓಡು!"

ಹಿಂಬಾಗಿಲು ತೆರೆದೇ ಇತ್ತು. ಓಣಿ ದಾಟಿ, ಬೇಲಿಯ ಕಿಂಡಿಯಲ್ಲಿ ನುಸುಳಿ, ಎದೆಯೆತ್ತರದ ಹುಲ್ಲು ಮುಗಿಯುವಲ್ಲಿ ನಿಂತೆ. ಕೆರೆ ಬತ್ತಿ ದೂರ ಸರಿದಿತ್ತು. ನಡುವೆ ಬಿರುಕು ಬಿಟ್ಟ ಬೂದು ನೆಲ. ಅದರ ಮೇಲೆ, ನನ್ನಿಂದ ಇಪ್ಪತ್ತು ಹೆಜ್ಜೆ ಆಚೆ, ಅನಿ ತೊಡೆಯವರೆಗೆ ಹೂತುಹೋಗಿದ್ದ. ಕೈಯಲ್ಲಿ ಸಮುದ್ರದಂಡೆಯ ಆಟದ ಪುಟ್ಟ ಬಕೆಟ್. ಅಳುತ್ತಿರಲಿಲ್ಲ. ಯಾವಾಗಲೂ ಬಾಯಿ ಮುಚ್ಚದ ಹುಡುಗ ಒಂದು ಮಾತೂ ಆಡುತ್ತಿರಲಿಲ್ಲ.

"ಎಳೀಬ್ಯಾಡೋ ಅನಿ! ಕಾಲು ಎಳೀಬ್ಯಾಡ! ಹಿಂದಕ್ಕ ಒರಗು, ಮಕ್ಕೊಂಡಂಗ!" ಮಹಡಿಯ ಕಿಟಕಿಯ ಸರಳು ಹಿಡಿದು ಅಮ್ಮ ಕೂಗುತ್ತಿದ್ದಳು. ಅವನು ಕೇಳಲಿಲ್ಲ, ಕಾಲು ಕಿತ್ತುಕೊಳ್ಳಲು ಹೆಣಗಿದ, ಒಂದೇ ಸಲಕ್ಕೆ ಸೊಂಟದವರೆಗೆ ಇಳಿದ. ಆಗ ಬಾಯಿ ಬಿಟ್ಟ. "ಅಮ್ಮಾ!"

ಸರೋಜಾ ಆಂಟಿ ಸೀರೆ ಎತ್ತಿ ಕಟ್ಟಿಕೊಂಡು ಓಡಿಬಂದರು. "ಅಯ್ಯೋ ಕಡವುಳೇ, ಪಿಳ್ಳೈ!" ಎನ್ನುತ್ತ ನೆಲಕ್ಕೆ ಕಾಲಿಟ್ಟೇಬಿಟ್ಟರು. ಪದರ ಕರ್ ಎಂದಿತು, ಅವರ ಪಾದ ಒಳಕ್ಕೆ ಹೋಯಿತು.

"ಆಂಟಿ, ನೋ! ಯು ವಿಲ್ ಗೋ ಇನ್! ಬೊಂಬಾ ಕರೀರಿ, ಬೊಂಬಾ!" ಎಂದು ಚೀರಿದೆ ನಾನು.

ಬೊಂಬಾ ಎಂದರೆ ಇಲ್ಲಿಯ ಅಗ್ನಿಶಾಮಕದವರು. ಆಂಟಿ ಹೇಗೋ ಕಾಲು ಕಿತ್ತುಕೊಂಡು, ಫೋನ್ ಮಾಡಿದರು. ಬರಲು ಅರ್ಧ ಗಂಟೆಯಾಗುತ್ತದಂತೆ. ಅನಿಗೆ ಅರ್ಧ ಗಂಟೆ ಇದೆಯೋ ಇಲ್ಲವೋ ನಮಗೆ ಯಾರಿಗೂ ಗೊತ್ತಿರಲಿಲ್ಲ. ನಾನು ಕಿಟಕಿಯತ್ತ ನೋಡಿದೆ. ಈಗ ಬರುತ್ತಾಳೆ, ಕೈಪಟ್ಟಿಯೂ ಬೇಡ ಪೊಲೀಸೂ ಬೇಡ, ಮೆಟ್ಟಿಲಿಳಿದು ಓಡಿಬರುತ್ತಾಳೆ ಎಂದುಕೊಂಡೆ. ಅಮ್ಮ ಅಲ್ಲಾಡಲಿಲ್ಲ.

"ಶಾಲೂ, ನೀ ಹೋಗು."

"ನೀನು ಬಾಮ್ಮಾ!"

"ನಾ ಬಂದ್ರ ಒಡೀತೈತಿ. ನೀ ಹಗೂರ ಇದ್ದಿ. ಮ್ಯಾಲಿನ ಪದರ ನಿನ್ನ ತಡೀತೈತಿ. ನಂಗ ಇಲ್ಲಿಂದ ಬಣ್ಣ ಕಾಣತೈತಿ, ನಾ ದಾರಿ ಹೇಳತೀನಿ. ಇಸ್ತ್ರಿ ಮೇಜು ತಗೊ, ನೀರಿನ ಬಾಟ್ಲಿ ಎರಡು ತಗೊ. ಲಗೂನ!"

ಕಂಪ್ಯೂಟರಿನ ಮುಂದೆ ಪಾಠ ಹೇಳುವ ಅದೇ ದನಿ. ಅದಕ್ಕೆ ಎದುರಾಡುವ ಅಭ್ಯಾಸ ನನಗಿರಲಿಲ್ಲ. ಇಸ್ತ್ರಿ ಮೇಜಿನ ಕಾಲು ಮಡಿಸಿ ಎಳೆದುಕೊಂಡು ಬಂದೆ. ಬಾಟಲಿಗಳನ್ನು ಅಂಗಿಯೊಳಗೆ ತೂರಿಸಿಕೊಂಡೆ. ಬರಿಗಾಲಲ್ಲಿ ಮೊದಲ ಹೆಜ್ಜೆ ಇಟ್ಟೆ. ಮೇಲೆ ಸುಡುವ ಬಿಸಿ, ಅದರ ಕೆಳಗೆ ಏನೋ ತಣ್ಣಗೆ ಅಲುಗಿತು. ಆ ಅಲುಗಾಟ ಇವತ್ತಿಗೂ ನನ್ನ ಅಂಗಾಲಿನಲ್ಲಿದೆ.

"ಎಡಕ್ಕ. ಇನ್ನೂ ಎಡಕ್ಕ. ಬೆಳ್ಳಗ ಕಾಣೂದರ ಮ್ಯಾಲ ನಡಿ. ನಿಂದರಬ್ಯಾಡ, ನಡಕೋತ ಇರು. ಅಂಜಬ್ಯಾಡ ನನ್ನವ್ವ."

ಅಂಜಬೇಡವಂತೆ! ಎಂಟು, ಒಂಬತ್ತು, ಹತ್ತು ಹೆಜ್ಜೆ. ಅಲ್ಲಿ ಅಮ್ಮನಿಗೆ ಕೆಮ್ಮು ಬಂತು. ಒಂದು ಕೆಮ್ಮಿನ ಬಾಲ ಹಿಡಿದು ಇನ್ನೊಂದು, ಉಸಿರಿಗೆ ಎಡೆಯಿಲ್ಲದ ಹಾಗೆ. ತಿರುಗಿ ನೋಡಿದರೆ ಕಿಟಕಿಯಲ್ಲಿ ಮುಖವಿಲ್ಲ. ಬಗ್ಗಿದ್ದಾಳೋ, ಬಿದ್ದಿದ್ದಾಳೋ.

"ಅಮ್ಮಾ?"

ಮುಂದೆ ತಮ್ಮ, ಮೇಲೆ ಅಮ್ಮ, ಕಾಲಡಿಯಲ್ಲಿ ನೆಲ ಕುಸಿಯತೊಡಗಿತ್ತು. ಇಬ್ಬರಲ್ಲಿ ಯಾರ ಕಡೆ ಓಡಲಿ? ಅಲ್ಲೇ ನಿಂತು ಗೊಳೋ ಎಂದು ಅತ್ತೆ. ನಿಂತದ್ದಕ್ಕೆ ಹಿಮ್ಮಡಿಯ ಸುತ್ತ ನೀರು ಜಿನುಗಿತು. ನಿಲ್ಲಬಾರದು. ಹಾಗಾದರೆ ಎಲ್ಲಿ ಇಡಲಿ ಕಾಲು? ನನ್ನ ಎತ್ತರದಿಂದ ಎಲ್ಲವೂ ಒಂದೇ ಬೂದು. ಆಮೇಲೆ ಕಂಡವು, ಬಿರುಕುಗಳ ಅಂಚಿಗೆ ಅರಿಶಿನ-ಕುಂಕುಮ ಕಲೆಸಿದ ಬಣ್ಣದ ಚುಕ್ಕಿಗಳು. ಗಾಳಿ ಹೊಕ್ಕ ಮಣ್ಣು ಅದು. ಒಣಗಿದ ಮಣ್ಣು. ಅವನ್ನೇ ನೋಡುತ್ತ ಒಂದೊಂದೇ ಹೆಜ್ಜೆ ಇಟ್ಟೆ. ಚುಕ್ಕಿ ಮುಗಿದು ನೀಲಿಗಟ್ಟಿದ ಬೂದು ಶುರುವಾದಲ್ಲಿ ಇಸ್ತ್ರಿ ಮೇಜನ್ನು ಮಲಗಿಸಿ ಅದರ ಮೇಲೆ ಹೊಟ್ಟೆಯೂರಿ ತೆವಳಿದೆ.

"ಅಕ್ಕಾ, ಇಟ್ಸ್ ಈಟಿಂಗ್ ಮಿ," ಎಂದ ಅನಿ. ತುಟಿ ಬಿಳಿಚಿತ್ತು. ಕೊಳೆತ ಮೊಟ್ಟೆಯ ನಾತ ಮೂಗಿಗೆ ರಾಚುತ್ತಿತ್ತು.

"ಕಾಲಿನ ಪಕ್ಕಕ್ಕ ನೀರು ಹೊಯ್ಯಿ!" ಅಮ್ಮನ ದನಿ ಹರಿದ ಬಟ್ಟೆಯಾಗಿತ್ತು, ಆದರೆ ಬಂತು. ದೇವರೇ, ಬಂತು. "ಕಾಲು ಸಣ್ಣಗ ಅಲುಗಸು ಅನಿ, ಎಳೀಬ್ಯಾಡ. ನೀರು ಒಳಗ ಇಳೀಲಿ."

ಎರಡೂ ಬಾಟಲಿ ಸುರಿದೆ. ಅನಿ ಮೇಜಿನ ಅಂಚಿಗೆ ಎದೆಯಾನಿಸಿ ಕಾಲು ಅಲುಗಿಸಿದ. ಎಷ್ಟೋ ಹೊತ್ತು ಏನೂ ಆಗಲಿಲ್ಲ. ಆಮೇಲೆ ಪಚಕ್ ಎಂದು ಒಂದು ಕಾಲು ಬಂತು, ಬೂಟನ್ನು ಕೆಳಗೇ ಬಿಟ್ಟು. ಇನ್ನೊಂದಕ್ಕೆ ಮತ್ತೂ ಹೊತ್ತು ಹಿಡಿಯಿತು. ಅವನನ್ನು ಮೊದಲು ತೆವಳಿಸಿ, ನನ್ನ ಹೆಜ್ಜೆಗಳ ಗುರುತಿನ ಮೇಲೆಯೇ ಹಿಂದಿನಿಂದ ದೂಡುತ್ತ ಹುಲ್ಲಿನವರೆಗೆ ತಂದೆ. ಸರೋಜಾ ಆಂಟಿ ದೂರ ನಿಲ್ಲಬೇಕಾದ ನಿಯಮವನ್ನೆಲ್ಲ ಮರೆತು ನಮ್ಮಿಬ್ಬರನ್ನೂ ಬಾಚಿ ತಬ್ಬಿಕೊಂಡರು. ಅವರ ಸೀರೆಯೆಲ್ಲ ಬೂದಿ ಬಣ್ಣವಾಯಿತು.

ಬೊಂಬಾದವರು ಬಂದಾಗ ನಾವು ಹಿತ್ತಲ ನಲ್ಲಿಯ ಕೆಳಗಿದ್ದೆವು. ಅಮ್ಮ ಕಿಟಕಿಯ ಸರಳಿಗೆ ಹಣೆಯೊತ್ತಿ ನಿಂತಿದ್ದಳು. ಇಳಿದು ಬರುವಂತಿರಲಿಲ್ಲ, ನಾವು ಹತ್ತುವಂತಿರಲಿಲ್ಲ. "ಸೋಪು ಹಚ್ಚಿ ತೊಳಕೋರಿ," ಎಂದಷ್ಟೇ ಅಂದಳು. ಇನ್ನೂ ಆರು ದಿನ ಅವಳು ನಮ್ಮನ್ನು ಮುಟ್ಟುವಂತಿರಲಿಲ್ಲ. ಆ ಆರು ದಿನವೂ ಅನಿ ನನ್ನ ಅಂಗಿಯ ಚುಂಗು ಹಿಡಿದುಕೊಂಡೇ ಮಲಗಿದ. ನಾನು ಮಲಗಲಿಲ್ಲ. ನಾನು ಹಂಗಿಸದಿದ್ದರೆ ಅವನು ಹೋಗುತ್ತಿರಲಿಲ್ಲ ಎನ್ನುವುದನ್ನು ಯಾರಿಗೂ ಹೇಳಲಿಲ್ಲ. ಈಗ ಮೊದಲ ಬಾರಿಗೆ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಅಮ್ಮ ಗುಣವಾದಳು. ಅಪ್ಪ ಬಂದರು. ಆ ಬಯಲಿಗೆ ಲಾರಿಗಟ್ಟಲೆ ಕೆಂಪು ಮಣ್ಣು ಸುರಿದು ಈಗ ಎತ್ತರದ ಮನೆಗಳನ್ನು ಕಟ್ಟಿದ್ದಾರೆ. ಅನಿ ನನಗಿಂತ ಉದ್ದವಾಗಿದ್ದಾನೆ, ಆ ದಿನದ್ದು ಅವನಿಗೆ ಬೂಟು ಹೋದದ್ದಷ್ಟೇ ನೆನಪು.

ಕಳೆದ ವರ್ಷ ಹಾಸ್ಟೆಲ್ಲಿಗೆ ಹೊರಡಲು ಅಮ್ಮ ನನ್ನ ಬಟ್ಟೆ ಜೋಡಿಸುತ್ತಿದ್ದಾಗ ಕೇಳಿದೆ. "ಅಮ್ಮ, ಅವತ್ತು ಆ ನೆಲ ನನ್ನ ತಡೆಯುತ್ತೆ ಅಂತ ನಿನಗೆ ಹೇಗೆ ಗೊತ್ತಿತ್ತು?"

ಅವಳು ಟವೆಲ್ ಮಡಿಸುವುದನ್ನು ನಿಲ್ಲಿಸಲಿಲ್ಲ. "ಗೊತ್ತಿದ್ದಿಲ್ಲ," ಎಂದಳು.

"ಮತ್ತೆ ಅಷ್ಟು ಖಾತ್ರಿಯಾಗಿ ಹೇಳಿದೆಯಲ್ಲ?"

"ಇನ್ನೇನು ಹೇಳಲಿ? ಒಂದು ಮಗಾ ಅದರಾಗ ಇತ್ತು. ಇನ್ನೊಂದನ್ನ ಅದರ ಮ್ಯಾಲ ಕಳಸಬೇಕಿತ್ತು. 'ತಡೆದರೂ ತಡೀಬಹುದು' ಅಂದಿದ್ರ ನೀ ಹೋಗತಿದ್ದೇನು?"

ಹೋಗುತ್ತಿರಲಿಲ್ಲ. ನಿಜವಾಗಿಯೂ ಹೋಗುತ್ತಿರಲಿಲ್ಲ, ತಮ್ಮ ಹೋಗಿಬಿಡುತ್ತಿದ್ದ. ಇದು ನನಗೆ ಅರ್ಥವಾಗುತ್ತದೆ. ಆದರೂ ಅವಳ ಮೇಲೆ ಸಿಟ್ಟು ಬಂತು, ಆಮೇಲೆ ಆ ಕಿಟಕಿಯಲ್ಲಿ ಒಬ್ಬಳೇ ನಿಂತಿದ್ದ ಅವಳನ್ನು ನೆನೆದು ಅಳು ಬಂತು. ಏನೂ ಗೊತ್ತಿಲ್ಲದೆ ನಡುಗುತ್ತಿದ್ದವರು ಅವತ್ತು ನಾವಿಬ್ಬರಲ್ಲ, ಮೂವರು.

ಆ ವರ್ಷಗಳಲ್ಲಿ ನೀವು ಏನೇನು ಕಳೆದುಕೊಂಡಿರೋ ನನಗೆ ತಿಳಿಯದು. ಕೆಲವರು ಅಪ್ಪ ಅಮ್ಮನನ್ನೇ ಕಳೆದುಕೊಂಡರು, ಅವರ ಮುಂದೆ ನನ್ನದು ಏನೂ ಅಲ್ಲ. ನನಗೆ ಅಮ್ಮ ಉಳಿದಳು, ತಮ್ಮ ಉಳಿದ. ದೊಡ್ಡವರು ಹೇಳಿದ್ದಾರೆ ಎಂದ ಮೇಲೆ ನೆಲ ಗಟ್ಟಿಯೇ ಇರುತ್ತದೆ ಎಂದು ಬರಿಗಾಲಲ್ಲಿ ನಡೆದ ಹುಡುಗಿ ಉಳಿಯಲಿಲ್ಲ.