ಚೀಲದಕ್ಕನ ಎರಡು ಖಾತೆ

ಹೋದ ವಾರ ಬಳಗಾನೂರಿನ ನೆಂಟರೊಬ್ಬರು ಮಸ್ಕಿಯ ನಮ್ಮ ಮನೆಗೆ ಹೊಸ ಅಕ್ಕಿ ತಂದರು. ಈಗೆಲ್ಲ ಅಕ್ಕಿ ಬರುವುದು ಪ್ಲಾಸ್ಟಿಕ್ ಚೀಲದಲ್ಲಿ. ಇದು ಮಾತ್ರ ಹಳೆಯ ಗೋಣಿಚೀಲ, ಒಂದು ಮೂಲೆಯಲ್ಲಿ ತೇಪೆ. ಕಟ್ಟು ಬಿಚ್ಚಲು ಬಗ್ಗಿದೆ. ಸೆಣಬು, ಧೂಳು, ಒಂದಿಷ್ಟು ಸೀಮೆಎಣ್ಣೆ ಬೆರೆತಂಥ ಆ ವಾಸನೆ ಮೂಗಿಗೆ ಬಡಿದದ್ದೇ ಅಲ್ಲೇ ಕೂತುಬಿಟ್ಟೆ. ನಾನು ಗುಮಾಸ್ತನಾಗಿದ್ದ ಸಿಂಧನೂರಿನ ಬ್ಯಾಂಕಿನಲ್ಲಿ, ಪ್ರತಿ ಶನಿವಾರ ನನ್ನ ಕೌಂಟರಿನ ಮುಂದೆ ಬಂದು ನಿಲ್ಲುತ್ತಿದ್ದ ವಾಸನೆ ಅದು...

ಆ ವಾಸನೆ ಹೊತ್ತು ಬರುತ್ತಿದ್ದವರನ್ನು ಊರು ಚೀಲದಕ್ಕ ಎನ್ನುತ್ತಿತ್ತು. ಗಂಡ ಹಟ್ಟಿಯ ಗಣಿಯಲ್ಲಿದ್ದವರು. ಅವರು ತೀರಿಕೊಂಡ ಮೇಲೆ ಕಂಪನಿಯ ಮನೆ ಬಿಡಬೇಕಾಯಿತು. ಮಕ್ಕಳಿರಲಿಲ್ಲ. ಅಕ್ಕ ಸಿಂಧನೂರಿಗೆ ಬಂದು, ಗಂಡನ ಅಣ್ಣನ ಮನೆಯ ಹಿಂದಿನ ಖೋಲಿಯಲ್ಲಿ ಉಳಿದರು. ಆ ಭಾವನಿಗೆ ಬಜಾರಿನಲ್ಲಿ ಕಿರಾಣಿ ಅಂಗಡಿ. ಅಕ್ಕ ಹರಿದ ಚೀಲಗಳನ್ನು ಕೊಂಡು, ದಬ್ಬಣ ಸುತಳಿ ಹಿಡಿದು ಹೊಲಿದು, ಅಕ್ಕಿ ಗಿರಣಿಗಳಿಗೆ ಮಾರತೊಡಗಿದರು. ಕಾಲುವೆ ನೀರಿನ ಸೀಮೆ. ಭತ್ತಕ್ಕೆ ಚೀಲ ಎಷ್ಟಿದ್ದರೂ ಸಾಲದು. ಎರಡು ವರ್ಷದಲ್ಲಿ ಆರು ಮಂದಿ ಹೆಂಗಸರು ಅವರ ಹತ್ತಿರ ಹೊಲಿಯಲು ಬರುತ್ತಿದ್ದರು.

ಗಿರಣಿಯವರು ಚೆಕ್ಕು ಕೊಡುತ್ತಿದ್ದರು. ಅಕ್ಕನಿಗೆ ಖಾತೆ ಇರಲಿಲ್ಲ. ಚೆಕ್ಕು ಭಾವನ ಹೆಸರಿಗೆ ಬಂದು ಭಾವನ ಖಾತೆಗೇ ಹೋಗುತ್ತಿತ್ತು. ಅವರು ಕೊಟ್ಟಷ್ಟು ಅಕ್ಕನ ಕೈಗೆ ಬರುತ್ತಿತ್ತು. ಉಳಿದದ್ದು ಮನೆಯ ಖರ್ಚಿಗೆ ಎನ್ನುತ್ತಿದ್ದರು.

ಎಂಬತ್ತರ ದಶಕದ ಕೊನೆಯ ಒಂದು ಬೆಳಿಗ್ಗೆ ಅಕ್ಕ ಬ್ಯಾಂಕಿಗೆ ಬಂದು ಎರಡು ಖಾತೆ ಬೇಕೆಂದರು. ತನ್ನ ಚೀಲದ ಅಂಗಡಿಯ ಹೆಸರಿನಲ್ಲೊಂದು, ತನ್ನ ಹೆಸರಿನಲ್ಲೊಂದು. ಆಗೆಲ್ಲ ಹಳೆಯ ಖಾತೆದಾರರೊಬ್ಬರು 'ಇವರನ್ನು ಬಲ್ಲೆ' ಎಂದು ಸಹಿ ಹಾಕಿದರೆ ಮಾತ್ರ ಹೊಸ ಖಾತೆ. ಬಜಾರಿನವರು ಯಾರೂ ಹಾಕಲಿಲ್ಲ. ಭಾವ ಎಲ್ಲರಿಗೂ ಹೇಳಿಟ್ಟಿದ್ದರು. ನಾನೂ ಹಾಕಬಹುದಿತ್ತು. ಹಾಕಲಿಲ್ಲ. ಮೂರನೆಯ ದಿನ ಅಕ್ಕ ಗಿರಣಿಯ ಹಮಾಲನೊಬ್ಬನನ್ನು ಕರೆತಂದರು. ಅವನ ಮೈತುಂಬ ತೌಡು, ಕೈಯಲ್ಲಿ ಉಳಿತಾಯದ ಪಾಸ್‌ಬುಕ್ಕು.

ಮೈಸೂರು ಕಡೆಯ ನಮ್ಮ ಮ್ಯಾನೇಜರು ಕನ್ನಡಕ ಇಳಿಸಿ, "ಏನಮ್ಮಾ, ಹಮಾಲನ ಸಹಿಯೇ?" ಎಂದರು.

"ಖಾತೆ ಆರು ತಿಂಗಳ ಹಳೇದಿರಬೇಕು ಅಂದ್ರಿ ಸಾಹೇಬ್ರ. ಮೀಸಿ ಎಷ್ಟು ಉದ್ದ ಇರಬೇಕಂತ ಹೇಳಿಲ್ಲಲ್ರೀ."

ಹಮಾಲ ಮೀಸೆಯ ಮೇಲೆ ಕೈಯಾಡಿಸಿಕೊಂಡ. ಮ್ಯಾನೇಜರು ನಗಲಿಲ್ಲ, ಆದರೆ ಅರ್ಜಿ ತೆಗೆದುಕೊಂಡರು.

ಪ್ರತಿ ಶನಿವಾರ ಅಕ್ಕ ಅಂಗಡಿಯ ಖಾತೆಯಿಂದ ತನ್ನ ವಾರದ ಪಗಾರ ತೆಗೆಯುತ್ತಿದ್ದರು. ಹೊಲಿಯುವ ಹೆಂಗಸರಿಗೆ ಎಷ್ಟೋ ತನಗೂ ಅಷ್ಟೇ. ಆ ನೋಟುಗಳನ್ನು ಹಿಡಿದು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತು, ತನ್ನ ಖಾತೆಗೆ ಕಟ್ಟುತ್ತಿದ್ದರು. ಒಂದು ಚೀಟಿ ಬರೆದುಕೊಟ್ಟರೆ ಇಲ್ಲಿಂದಲೇ ಅಲ್ಲಿಗೆ ಹಾಕುತ್ತೇನೆ ಎಂದೆ.

"ಬ್ಯಾಡ ತಮ್ಮಾ. ಒಮ್ಮೆ ನನ್ನ ಕೈ ಮುಟ್ಟಿ ಹೋಗ್ಲಿ. ಪಗಾರ ಅಂದ್ರ ಹೆಂಗಿರ್ತದಂತ ನನಗೂ ಗೊತ್ತಾಗ್ಲಿ."

ಅಂಗಡಿಯ ಹಣದಲ್ಲಿ ಅವರು ಒಂದು ಸೀರೆ ಕೊಂಡವರಲ್ಲ. ಜ್ವರ ಬಂದಾಗ ಡಾಕ್ಟರ ಫೀಸೂ ಪಗಾರದ್ದೇ.

ಇಲ್ಲಿ ನನ್ನ ತಪ್ಪನ್ನು ಹೇಳಬೇಕು. ಒಂದು ಸಂಜೆ ಮಸ್ಕಿಯ ಬಸ್ಸಿಗೆ ಕಾಯುತ್ತಿದ್ದಾಗ ಭಾವ ನನ್ನನ್ನು ಹೋಟೆಲಿಗೆ ಕರೆದು ಚಹಾ ಕುಡಿಸಿದರು. ಮಾತಿನ ನಡುವೆ, ಅಂಗಡಿ ಖಾತೆಯಲ್ಲಿ ಎಷ್ಟಿದೆ ಎಂದು ಕೇಳಿದರು. ಹೇಳಿಬಿಟ್ಟೆ. ಅದು ಬ್ಯಾಂಕಿನವನು ಹೇಳಬಾರದ ಮಾತು. ಅದರಲ್ಲಿ ಬಹುಪಾಲು, ಸುಗ್ಗಿಯ ಚೀಲಗಳಿಗೆ ಗಿರಣಿಯವರು ಕೊಟ್ಟ ಮುಂಗಡ ಎಂಬುದನ್ನಾದರೂ ಹೇಳಬೇಕಿತ್ತು. ಅದನ್ನೂ ಹೇಳಲಿಲ್ಲ.

ಮುಂದಿನ ಶನಿವಾರ ಕೌಂಟರಿನ ಮುಂದೆ ಅಕ್ಕನ ಪಕ್ಕದಲ್ಲಿ ಭಾವ ಬಂದು ನಿಂತರು. ಹಿಂದೆ ಉದ್ದನೆಯ ಸಾಲು.

"ನನ್ನ ಮಗನ ಮದುವಿ ಹತ್ರ ಬಂತು. ಅಂಗಡಿ ಖಾತೇದಾಗ ರೊಕ್ಕ ಬಿದ್ದಾವಲ್ಲ, ಇಪ್ಪತ್ತು ಸಾವಿರ ತಗದುಕೊಡು. ಉಂಡ ಮನಿ ನೆನಪಿರ್ಲಿ."

ಅಕ್ಕ ಒಮ್ಮೆ ನನ್ನ ಮುಖ ನೋಡಿದರು. ಯಾರು ಹೇಳಿದ್ದೆಂದು ಅವರಿಗೆ ತಿಳಿಯಿತು.

"ಅಂಗಡಿಗೆ ಭಾವ ಇಲ್ರೀ," ಎಂದರು ಇಡೀ ಸಾಲಿಗೆ ಕೇಳುವಂತೆ. "ಅಂಗಡಿ ಯಾರ ಮದುವಿಗೂ ಹೋಗೂದಿಲ್ಲ. ಭಾವ ಇರೋದು ನನಗ. ನನ್ನ ಖಾತೇದಾಗ ಎಷ್ಟದ ನೋಡು ತಮ್ಮಾ. ಗಟ್ಟ್ಯಾಗಿ ಹೇಳು, ನಿನಗ ರೂಢಿ ಅದಲ್ಲ."

ಲೆಡ್ಜರಿನ ಹಾಳೆ ತಿರುವಿದೆ. ಎಂಟುನೂರ ನಲವತ್ತು ಎಂದೆ.

"ಐನೂರೊಂದು ತಗಿ. ಭಾವನ ಮಗನ ಮದುವಿಗೆ ನನ್ನ ಆಯೇರಿ."

ಸಾಲಿನಲ್ಲಿ ಯಾರೋ ನಕ್ಕರು. ಭಾವ ಹಣ ಮುಟ್ಟದೆ ಹೊರಟುಹೋದರು. ಆ ವಾರವೇ ಅಕ್ಕ ಖೋಲಿ ಬಿಟ್ಟು ಚೀಲ ಇಡುವ ಗೋದಾಮಿನ ಪಕ್ಕದಲ್ಲಿ ಬಾಡಿಗೆಗೆ ಹೋದರು. ಆದರೂ ಮದುವೆಗೆ ಹೋಗಿ, ಹಂದರದಲ್ಲಿ ಐನೂರೊಂದರ ಮುಯ್ಯಿಯನ್ನು ತನ್ನ ಹೆಸರು ಹೇಳಿ ಬರೆಸಿಯೇ ಬಂದರಂತೆ. ನನ್ನನ್ನು ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು...

ಕೆಲವು ವರ್ಷಗಳ ನಂತರ ಅವರಿಗೆ ಉಬ್ಬಸ ಹತ್ತಿತು, ಚೀಲದ ಧೂಳಿನದು. ಒಂದು ದಿನ, ತಾನು ಸತ್ತರೆ ಖಾತೆಗಳು ಯಾರಿಗೆ ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಾನೂನಿನ ಕಣ್ಣಿಗೆ ಅಂಗಡಿಯೂ ನೀವೂ ಒಂದೇ. ಯಾರನ್ನೂ ನಾಮಿನಿ ಎಂದು ಬರೆಯದಿದ್ದರೆ ಭಾವನವರು ಬಂದು ಕೇಳಬಹುದು. ಅಕ್ಕ ಎರಡು ನಾಮಿನಿ ಫಾರಂ ಕೇಳಿದರು. ತನ್ನ ಖಾತೆಯದಕ್ಕೆ ಭಾವನ ಹೆಸರು ಬರೆಸಿದರು. ಅಂಗಡಿಯದಕ್ಕೆ, ಹೊಲಿಯುವ ಹೆಂಗಸರಲ್ಲಿ ಹಿರಿಯಳ ಹೆಸರು. ಸಾಕ್ಷಿಯ ಜಾಗದಲ್ಲಿ, ಅವರು ಕೇಳುವ ಮೊದಲೇ, ನಾನು ಸಹಿ ಹಾಕಿದೆ.

"ಇದನ್ನೂ ಹೋಟೆಲ್ಯಾಗ ಓದಿ ಹೇಳಬ್ಯಾಡ ಮತ್ತ," ಎಂದು ನಕ್ಕರು.

ತೊಂಬತ್ತರ ದಶಕದ ನಡುವೆ ಅವರು ತೀರಿಕೊಂಡರು. ವಾರ ಕಳೆಯುವುದರೊಳಗೆ ಭಾವ ಬಂದರು. ಮ್ಯಾನೇಜರು ಎರಡು ಫಾರಮ್ಮುಗಳನ್ನೂ ಮುಂದಿಟ್ಟರು. ಭಾವನಿಗೆ ಅಕ್ಕನ ಖಾತೆಯ ಇನ್ನೂರ ಹನ್ನೆರಡು ರೂಪಾಯಿ.

"ಸಾಕ್ಷಿ ಹಾಕಿದವ ಯಾವಲೇ?" ಎಂದು ಕೂಗಿದರು.

ಎದ್ದು ನಿಂತೆ. "ನಾನ್ರೀ," ಎಂದೆ.

ನಾನು ಪಾಲು ತಿಂದಿದ್ದೇನೆಂದು ಅವರು ಮೇಲಿನ ಕಚೇರಿಗೆ ಬರೆದರು, ಲಿಂಗಸುಗೂರಿನ ವಕೀಲರ ಹತ್ತಿರವೂ ಹೋಗಿಬಂದರು. ವಿವರಣೆ ಕೊಡಿ ಎಂದು ನನಗೆ ಕಾಗದ ಬಂತು. ಸಹಿ ನನ್ನದೇ, ತಿಳಿದೇ ಹಾಕಿದ್ದು ಎಂದು ಒಂದೇ ಸಾಲು ಬರೆದು ಕಳಿಸಿದೆ. ವಿಷಯ ಅಲ್ಲಿಗೇ ನಿಂತಿತು. ಆ ಹಿರಿಯ ಹೆಂಗಸು ಗಿರಣಿಗಳ ಮುಂಗಡದ ಚೀಲಗಳನ್ನು ಮೊದಲು ತೀರಿಸಿ, ಅಂಗಡಿಯನ್ನು ಮುಂದುವರಿಸಿದಳು. ಪ್ಲಾಸ್ಟಿಕ್ ಚೀಲ ಬಂದು ಗಿರಣಿಗಳು ಗೋಣಿಯನ್ನು ಬಿಡುವವರೆಗೂ ಆರು ಮಂದಿಗೂ ಶನಿವಾರದ ಪಗಾರ ತಪ್ಪಲಿಲ್ಲ.

ಬಾಯಿ ಬಿಟ್ಟದ್ದಕ್ಕೆ ನಾನು ಅಕ್ಕನ ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ, ಇನ್ನು ಕೇಳುವಂತಿಲ್ಲ. ನಿವೃತ್ತನಾಗಿ ವರ್ಷಗಳಾದವು. ಸಿಂಧನೂರಿಗೆ ಹೋದಾಗ ಬಜಾರಿನ ಹಳಬರು ಯಾರಾದರೂ, ಅವತ್ತು ನಿಮಗೆಷ್ಟು ಸಿಕ್ಕಿತ್ತು ಎಂದು ಈಗಲೂ ಕೆಣಕುತ್ತಾರೆ. ಏನೂ ಸಿಗಲಿಲ್ಲ, ಸಾಕ್ಷಿ ಮಾತ್ರ ನಾನೇ, ನಾಳೆ ಕೇಳಿದರೂ ಹಾಕುತ್ತೇನೆ ಎನ್ನುತ್ತೇನೆ. ಅದನ್ನು ಕೇಳಿ ನಗಲು ಅಕ್ಕ ಇಲ್ಲ.