ಅರವತ್ತಮೂರಕ್ಕೆ ಮನೆ ಅಳಿಯ

ನಮ್ಮ ಕಡೆ ‘ಮನೆ ಅಳಿಯ’ ಎನ್ನುವುದು ಅಷ್ಟೇನೂ ಮರ್ಯಾದೆಯ ಮಾತಲ್ಲ. ಮದುವೆಯಾಗಿ ಹೆಂಡತಿಯ ತವರಿನಲ್ಲೇ ಬೀಡುಬಿಟ್ಟ ಗಂಡಸಿನ ಬಗ್ಗೆ ಅವನ ಬೆನ್ನ ಹಿಂದೆ ಆಡುವ ಮಾತು ಅದು. ಆ ಪಟ್ಟ ಸಿಗಬೇಕಾದವರಿಗೆ ಸಾಮಾನ್ಯವಾಗಿ ಇಪ್ಪತ್ತೈದು, ಮೂವತ್ತಕ್ಕೇ ಸಿಕ್ಕಿಬಿಡುತ್ತದೆ. ನಾನು ಮಾತ್ರ ಅರವತ್ತಮೂರನೆಯ ವಯಸ್ಸಿನಲ್ಲಿ, ಮಂಡಿನೋವು, ಬಿ.ಪಿ. ಮಾತ್ರೆ, ಎರಡು ಕನ್ನಡಕಗಳ ಸಮೇತ, ತ್ಯಾಗರಾಜನಗರದಿಂದ ವಿಯೆಟ್ನಾಮಿಗೆ ಮನೆ ಅಳಿಯನಾಗಿ ಹೊರಟಿದ್ದೇನೆ. ಬರುವ ಗುರುವಾರ ವಿಮಾನ.

ತಪ್ಪು ನನ್ನದೇ. ನಾನು ರೇಷ್ಮೆ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದಾಗ ಹುಳು ಸಾಕಣೆಯ ತರಬೇತಿಗೆ ಹೊರದೇಶದಿಂದ ಬಂದವರಲ್ಲಿ ಲಾನ್ ಎಂಬ ಹುಡುಗಿಯಿದ್ದಳು. ಅವಳ ಹಾಸ್ಟೆಲ್ ಫಾರಂ ತುಂಬಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಎರಡು ಪುಟದ ಫಾರಮ್ಮಿಗೆ ಮೂರು ವಾರ ತೆಗೆದುಕೊಂಡೆ. ಸರ್ಕಾರಿ ನೌಕರರ ನಿಧಾನವನ್ನು ಆಡಿಕೊಳ್ಳುವವರಿಗೆ ಅದರ ಹಿಂದಿನ ಕಾರಣಗಳು ಎಷ್ಟೋ ಸಲ ತಿಳಿದಿರುವುದಿಲ್ಲ. ಮದುವೆಗೆ ಒಪ್ಪುವಾಗ ಅವಳು ಹಾಕಿದ್ದು ಒಂದೇ ಷರತ್ತು: ನಿನ್ನ ನೌಕರಿ ಮುಗಿಯುವವರೆಗೆ ನಿಮ್ಮೂರು, ಆಮೇಲೆ ನಮ್ಮೂರು. ನಾನು ಹಿಂದೆ ಮುಂದೆ ನೋಡದೆ ಹೂಂ ಎಂದೆ. ಇಪ್ಪತ್ತೊಂಬತ್ತರ ಹುಡುಗನಿಗೆ ನಿವೃತ್ತಿ ಎನ್ನುವುದು ಬೇರೆಯವರಿಗೆ ಬರುವ ಕಾಯಿಲೆ.

ಆ ಕಾಯಿಲೆ ನನಗೂ ಬಂತು. ನಿವೃತ್ತನಾದ ವರ್ಷ ಲಾನ್ ಏನೂ ಕೇಳಲಿಲ್ಲ, ಕ್ಯಾಲೆಂಡರಿನ ಕಡೆ ನೋಡಿದಳು ಅಷ್ಟೆ. ‘ಅವರೆಕಾಯಿ ಕಾಲ ಮುಗೀಲಿ’ ಎಂದೆ. ಮುಗಿಯಿತು. ಅಷ್ಟರಲ್ಲಿ ಮಾವು ಬಂತು. ಬಾದಾಮಿ ಹಣ್ಣನ್ನು ಮರದಲ್ಲಿ ಬಿಟ್ಟು ದೇಶ ಬಿಡುವುದುಂಟೆ? ಮಾವು ಮುಗಿಯುವ ಹೊತ್ತಿಗೆ ಮಳೆ, ಮಳೆ ಮುಗಿಯುವ ಹೊತ್ತಿಗೆ ಹಲ್ಲುನೋವು, ಹಲ್ಲು ಕಟ್ಟಿಸಿಕೊಂಡು ಬಂದರೆ ಗಾಂಧಿಬಜಾರಿನಲ್ಲಿ ಮತ್ತೆ ಅವರೆಕಾಯಿಯ ಘಮ. ಬಸವನಗುಡಿ ಸೀಮೆಯ ಮನುಷ್ಯನಿಗೆ ಊರು ಬಿಡಲು ಒಳ್ಳೆಯ ಋತು ಅಂತ ಒಂದು ಇಲ್ಲವೇ ಇಲ್ಲ. ಹೀಗೆ ಮೂರು ವರ್ಷ ತಿಂದೆ. ಪುಣೆಯಲ್ಲಿರುವ ಮಗಳಿಗಾದರೂ ಬೇಸರವಾದೀತೆಂದು ಕಾದೆ. ಅವಳು, “ಎಲ್ಲಿದ್ರೂ ವಿಡಿಯೋ ಕಾಲ್ ಒಂದೇ ಅಲ್ವಾಪ್ಪ” ಎಂದುಬಿಟ್ಟಳು.

ಪಾರ್ಕಿನ ಗೆಳೆಯರಿಗೆ ವಿಷಯ ಹೇಳಿದಾಗ ಇನ್ನೊಂದು ಬಗೆಯ ಅವಮಾನ ಕಾದಿತ್ತು. ಜೊತೆಯಲ್ಲಿ ಓದಿದ ಸೀತಾರಾಮು ವಾಕಿಂಗ್ ನಿಲ್ಲಿಸಿ, “ಫಾರಿನ್ ಅಂತೀಯ, ಆಮೇಲೆ ವಿಯೆಟ್ನಾಂ ಅಂತೀಯಲ್ಲೋ! ಹೋಗೋದೇ ಆದ್ರೆ ಸರಿಯಾದ ಫಾರಿನ್ನಿಗೆ ಹೋಗು ಗುರು” ಎಂದ. ಹೆಂಡತಿಯ ಊರನ್ನು ಯಾರೂ ನಕಾಶೆ ನೋಡಿ ಆರಿಸುವುದಿಲ್ಲ ಎಂದು ಅವನಿಗೆ ಹೇಗೆ ಹೇಳಲಿ?

ನಮ್ಮ ಹಿರಿಯರು ಅಳಿಯನನ್ನು ಹತ್ತನೆಯ ಗ್ರಹ ಎಂದು ಕರೆದರು. ಒಂಬತ್ತು ಗ್ರಹಗಳಿಗಾದರೂ ಶಾಂತಿ ಮಾಡಿಸಬಹುದು, ಅಳಿಯನಿಗೆ ಅದೂ ನಾಟದು ಎಂದು ಅರ್ಥ. ಆದರೆ ಆ ಪ್ರತಾಪವೆಲ್ಲ ವರ್ಷಕ್ಕೊಮ್ಮೆ ಹಬ್ಬಕ್ಕೆ ಬಂದು, ಹೋಳಿಗೆ ತಿಂದು, ಪಂಚೆ ಉಡುಗೊರೆ ಹೊಡೆದುಕೊಂಡು ಹೋಗುವ ಅಳಿಯನದು. ಅಲ್ಲೇ ಉಳಿದುಕೊಂಡರೆ ಗ್ರಹದ ತೇಜಸ್ಸು ಎರಡೇ ವಾರದಲ್ಲಿ ಇಳಿದುಹೋಗುತ್ತದೆ. ಆಮೇಲೆ ತೆಂಗಿನಕಾಯಿ ಸುಲಿಯಲು ಕರೆಯುತ್ತಾರೆ. ಲಾನಳ ಊರಿನಲ್ಲಂತೂ ಯಾರೇ ಸಿಕ್ಕಿದರೂ ಮೊದಲು ವಯಸ್ಸು ಕೇಳಿ, ಆಮೇಲೆ ಅಣ್ಣನೋ ಚಿಕ್ಕಪ್ಪನೋ ಎಂದು ಗೊತ್ತುಮಾಡಿಕೊಂಡೇ ಮಾತಿಗಿಳಿಯುವುದು. ಆ ಭಾಷೆಯಲ್ಲಿ ನನಗೆ ಬರುವುದು ‘ಊಟ ಆಯ್ತು’, ‘ಇನ್ನು ಸಾಕು’ ಎಂಬ ಎರಡೇ ವಾಕ್ಯ. ಇಷ್ಟು ಬಂಡವಾಳದಲ್ಲಿ ಉಳಿದ ಆಯುಷ್ಯ ಕಳೆಯಬೇಕಲ್ಲ ಎಂದು ನಾನು ಒಂದು ಸಂಜೆ ಗೊಣಗಿದೆ.

ಲಾನ್ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: “ನಾನು ಬಂದಾಗ ನಂಗೆ ಒಂದೂ ಬರ್ತಿರ್ಲಿಲ್ಲ ರೀ. ಮೊದಲನೇ ವರ್ಷ ದಿನಾ ಬಟ್ಟೆ ಒಣಹಾಕೋಕೆ ತಾರಸಿಗೆ ಹೋಗ್ತಿದ್ದೆ ನೋಡಿ, ಆವಾಗ ಒಬ್ಳೇ ನಮ್ಮ ಭಾಷೇಲಿ ಮಾತಾಡ್ಕೊಳ್ತಿದ್ದೆ. ಮರ್ತೋದ್ರೆ ಅಂತ ಭಯ. ಅತ್ತೆ ಏನೋ ಮಂತ್ರ ಅಂದ್ಕೊಂಡಿದ್ರು. ಮಧ್ಯೆ ಕರೀತಿರ್ಲಿಲ್ಲ, ಪಾಪ.”

ನನಗೆ ಇದು ಗೊತ್ತೇ ಇರಲಿಲ್ಲ. ಬೆಳಿಗ್ಗೆ ಡಬ್ಬಿ ಹಿಡಿದು ಕಚೇರಿಗೆ ಹೋಗುತ್ತಿದ್ದೆ, ಸಂಜೆ ಬಂದರೆ ಬಟ್ಟೆ ಮಡಿಚಿಟ್ಟಿರುತ್ತಿತ್ತು. ಮದುವೆಯಲ್ಲೇ ಅಕ್ಕಿ ಹರಡಿದ ತಟ್ಟೆಯ ಮೇಲೆ ಅಮ್ಮ ನನ್ನ ಕೈಯಿಂದ ‘ಲಲಿತಾ’ ಎಂದು ಬರೆಸಿ ಅವಳ ಹೆಸರು ಬದಲಾಯಿಸಿದ್ದಳು. ಬೀದಿಗೆಲ್ಲ ಅವಳು ಲಲಿತಮ್ಮನಾದಳು, ಸಾರಿಗೆ ಇಂಗು ಹೆಚ್ಚೋ ಕಡಿಮೆಯೋ ಎಂದು ಪಕ್ಕದ ಮನೆಯವರಿಗೆ ಹೇಳಿಕೊಡುವ ಮಟ್ಟಕ್ಕೆ ಬೆಳೆದಳು. ಎಲ್ಲವೂ ಚೆನ್ನಾಗಿ ನಡೆದಿದೆ ಎಂದು ನಾನು ನೆಮ್ಮದಿಯಾಗಿದ್ದೆ. ನಮ್ಮ ಅಮ್ಮನೂ ಹದಿನೇಳಕ್ಕೆ ಚಿಂತಾಮಣಿಯಿಂದ ಬಂದವಳೇ. ಎಂಬತ್ತು ದಾಟಿದ ಮೇಲೂ ‘ನಮ್ಮೂರಲ್ಲಿ’ ಎಂದು ಮಾತು ಶುರುಮಾಡಿದಳೆಂದರೆ ಅದು ಚಿಂತಾಮಣಿಯೇ. ನಾವು ಮಕ್ಕಳು ಅದನ್ನು ತಮಾಷೆ ಮಾಡುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಾಚಿಕೆಯಿಂದಲೇ ಟಿಕೆಟ್ ಮಾಡಿಸಿದೆ. ಲಾನಳ ತಂಗಿಯ ಮಕ್ಕಳಿಗೆಂದು ಬಳೇಪೇಟೆಗೆ ಹೋಗಿ ಆರು ಡಜನ್ ಗಾಜಿನ ಬಳೆ ತಂದೆ. ಆದರೆ ನಿಮ್ಮ ಮುಂದೆ ಮುಚ್ಚುಮರೆ ಏಕೆ, ಒಳಗೊಳಗೇ ಒಂದು ಹೂಟ ಹೂಡಿದ್ದೆ. ಮೂರು ತಿಂಗಳು ಇರುವುದು, ಆಮೇಲೆ ನಾಲ್ಕು ಸಲ ಕೆಮ್ಮಿ, ಹವೆ ಒಗ್ಗಲಿಲ್ಲ ಎಂದು ವಾಪಸಾಗುವುದು. ಅದಕ್ಕೇ ಮನೆಯನ್ನು ಬಾಡಿಗೆಗೆ ಕೊಡುವುದು ಬೇಡ, ಬೀಗ ಹಾಕಿಡೋಣ ಎಂದೆ. ಲಾನ್ ಒಂದು ಕ್ಷಣ ನನ್ನ ಮುಖ ನೋಡಿ, “ಆಯ್ತು” ಎಂದಳು. ಅವಳಿಗೆ ಅರ್ಥವಾಗಿತ್ತು.

ಕಳೆದ ಭಾನುವಾರ ಚಾಮರಾಜಪೇಟೆಯ ಅಕ್ಕನ ಮನೆಯಲ್ಲಿ ನಮಗೆ ಊಟ. ಅಕ್ಕನಿಗೆ ಎಪ್ಪತ್ತೆರಡು, ನನ್ನನ್ನು ಎತ್ತಿ ಆಡಿಸಿದವಳು. ಊಟವಾದ ಮೇಲೆ ಒಂದು ಬಟ್ಟಲು ಹಾಲು ತಂದು ನಮ್ಮಿಬ್ಬರನ್ನೂ ಜಮಖಾನದ ಮೇಲೆ ಕೂರಿಸಿದಳು. ಮದುವೆ ಮುಗಿದ ಮೇಲೆ ಹೆಣ್ಣಿನ ಕಡೆಯವರು ಮಗಳ ಕೈಯನ್ನು ಹಾಲಿನಲ್ಲಿ ಅದ್ದಿಸಿ ಗಂಡಿನ ಮನೆಯವರಿಗೆ ಒಪ್ಪಿಸಿಕೊಡುತ್ತಾರಲ್ಲ, ಆ ಶಾಸ್ತ್ರ. ನನ್ನ ಕೈಯನ್ನು ಹಾಲಿನಲ್ಲಿ ಅದ್ದಿ ಲಾನಳ ಕೈಯಲ್ಲಿಟ್ಟು ಅಕ್ಕ ಶುರುಮಾಡಿದಳು: “ನೋಡಮ್ಮ, ನನ್ನ ತಮ್ಮನ್ನ ನಿನ್ನ ಮಡಿಲಿಗೆ ಹಾಕ್ತಿದೀನಿ. ಮುದ್ದಾಗಿ ಬೆಳೆದೋನು. ಅನ್ನಕ್ಕಿಡೋಕೂ ಬರಲ್ಲ. ತಪ್ಪು ಮಾಡಿದ್ರೆ ಹೊಟ್ಟೆಗೆ ಹಾಕ್ಕೊ.”

ಮೂವರೂ ನಕ್ಕೆವು. ನಗುತ್ತಲೇ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಲಾನ್ ನನ್ನ ಒದ್ದೆ ಕೈಯನ್ನು ಹಿಡಿದುಕೊಂಡೇ ಮೆಲ್ಲಗೆ ಹೇಳಿದಳು: “ನನ್ನ ಯಾರೂ ಒಪ್ಪಿಸಿಕೊಡ್ಲಿಲ್ಲ ಅಕ್ಕ. ನಮ್ಮಮ್ಮಂಗೆ ಪಾಸ್‌ಪೋರ್ಟ್ ಇರ್ಲಿಲ್ಲ. ನಾನೇ ಬಂದ್ಬಿಟ್ಟೆ.”

ಮದುವೆಯ ದಿನ ಅಕ್ಕನೂ ಇದ್ದಳು, ನಾನೂ ಇದ್ದೆ, ಚಪ್ಪರದ ತುಂಬ ನಮ್ಮವರೇ ಇದ್ದರು. ಹೆಣ್ಣಿನ ಕಡೆಯ ಕುರ್ಚಿಗಳಲ್ಲಿಯೂ ನಮ್ಮವರೇ ಕೂತಿದ್ದರು. ಒಪ್ಪಿಸಿಕೊಡುವವರಿಲ್ಲದೆ ಬಂದವಳು ಮೂವತ್ತನಾಲ್ಕು ವರ್ಷ ಇಲ್ಲಿ ಬಾಳಿದಳು. ಅಳುತ್ತಾ ಕಳಿಸಿಕೊಡುವ ಅಕ್ಕನಿರುವ ನಾನು ಮೂರು ತಿಂಗಳಿಗೆ ಕೆಮ್ಮು ಹೊಂದಿಸಿಟ್ಟುಕೊಂಡಿದ್ದೆ.

ಅಕ್ಕ ಹಾಲಿನ ಬಟ್ಟಲನ್ನು ಬದಿಗಿಟ್ಟು, ಮಾತು ಬದಲಿಸಲೆಂದೋ ಏನೋ, “ವಾಪಸ್ ಯಾವಾಗೋ ಬರೋದು?” ಎಂದು ಕೇಳಿದಳು.

“ಮನೆ ಬಾಡಿಗೆಗೆ ಕೊಟ್ಬಿಡಕ್ಕ” ಎಂದೆ. “ಗೌರಿ ಹಬ್ಬಕ್ಕೆ ತವರಿಗೆ ಬರ್ತೀನಿ. ನನ್ನ ಬಾಗಿನ ಎತ್ತಿಟ್ಟಿರು.”