ಕಟ್ ಆದ ಸದ್ದು

ಎ.ಸಿ. ಕೆಲಸದವರ ಕಿವಿಗೆ ಒಂದು ಸದ್ದು ಬಲು ಇಷ್ಟ. ಕೋಣೆ ತಂಪಾದೊಡನೆ ಥರ್ಮೋಸ್ಟಾಟ್ ಟಕ್ ಎನ್ನುತ್ತದೆ, ಮೆಷಿನ್ ನಿಲ್ಲುತ್ತದೆ. ಅದಕ್ಕೆ ನಾವು 'ಕಟ್ ಆಯ್ತು' ಎನ್ನುತ್ತೇವೆ. ಕಟ್ ಆದರೆ ಕೆಲಸ ಮುಗಿದ ಹಾಗೆ. ಬಹ್ರೇನ್‌ನಲ್ಲಿ ಹದಿನಾರು ವರ್ಷ ಆ ಸದ್ದಿನಿಂದಲೇ ಅನ್ನ ತಿಂದವನು ನಾನು. ಈಗ ಕೇಳಿದರೆ ಮೈ ಉರಿಯುತ್ತದೆ.

ಹೋದ ವರ್ಷ ಇಲ್ಲಿನ ಸೆಗಯಾ ಬಡಾವಣೆಯ ನಮ್ಮ ವರ್ಕ್‌ಶಾಪಿಗೆ ಒಂದು ವಿಚಿತ್ರ ಕೆಲಸ ಬಂತು. ದಕ್ಷಿಣ ಧ್ರುವದ ಹಿಮದ ಬಯಲು ದೊಡ್ಡ ದೂರದರ್ಶಕ ನಿಲ್ಲಿಸಲು ಯೋಗ್ಯವೇ ಎಂದು ನೋಡಬೇಕಂತೆ. ಚಳಿಗಾಲವಿಡೀ ಅಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಪುಟ್ಟ ಯಂತ್ರವೊಂದೇ ನಿಂತು, ನಕ್ಷತ್ರಗಳು ಎಷ್ಟು ಮಿನುಗುತ್ತವೆಂದು ಅಳೆದು, ದಿನವೂ ಉಪಗ್ರಹದ ಮೂಲಕ ಸುದ್ದಿ ಕಳಿಸಬೇಕು. ಅದನ್ನು ಬೆಚ್ಚಗಿಡುವ ಪೆಟ್ಟಿಗೆ ನಮ್ಮದು. ಮಾಡಿಸಿದವಳು ಒಬ್ಬ ಯುವ ವಿಜ್ಞಾನಿ. ಅವಳ ಐದು ವರ್ಷದ ಸಂಶೋಧನೆ ಆ ಒಂದು ಚಳಿಗಾಲವನ್ನೇ ನಂಬಿ ಕೂತಿತ್ತು.

ಹೀಟರಿನ ಥರ್ಮೋಸ್ಟಾಟಿಗೆ ತಂತಿ ಕೊಟ್ಟವನು ನಾನೇ. ಪೆಟ್ಟಿಗೆಯನ್ನು ಪರಿಚಯದ ಮೀನಿನ ವ್ಯಾಪಾರಿಯ ಫ್ರೀಜರ್ ಕೋಣೆಯಲ್ಲಿ ಮುಚ್ಚಳ ತೆರೆದಿಟ್ಟು, ನಾನೂ ಫೋರ್‌ಮನ್ನರೂ ಜಾಕೆಟ್ ತೊಟ್ಟು ಪಕ್ಕದಲ್ಲೇ ನಿಂತೆವು. ಚಳಿ ಏರಿತು, ಟಕ್ ಎಂದಿತು, ಹೀಟರಿನ ದೀಪ ಆರಿತು.

"ಕಟ್ ಆಯ್ತಲ್ಲ, ಇನ್ನೆಂತ ನೋಡ್ಲಿಕ್ಕುಂಟು? ಖಲಾಸ್, ಪ್ಯಾಕ್ ಮಾಡು ಮಾರಾಯ" ಎಂದರು ಫೋರ್‌ಮನ್.

ನಾನೂ ತಲೆಯಾಡಿಸಿದೆ. ಚಳಿಯಾದಾಗ ಹೀಟರ್ ಹೊತ್ತಬೇಕು, ಆರಬಾರದು ಎಂದು ಇಬ್ಬರು ಅನುಭವಸ್ಥರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ನನ್ನ ಕೈ ರೂಢಿಯಂತೆ ಎ.ಸಿ.ಯ ಲೆಕ್ಕದಲ್ಲೇ ತಂತಿ ಕೊಟ್ಟಿತ್ತು. ಕಿವಿ ರೂಢಿಯಂತೆ ಭೇಷ್ ಎಂದಿತ್ತು.

ಹಿಮದ ಬಯಲಿನಲ್ಲಿ ಪೆಟ್ಟಿಗೆಯನ್ನು ಬೆಚ್ಚಗಿನ ಗುಡಾರದಲ್ಲಿ ಶುರುಮಾಡಿ, ಮುಚ್ಚಿ ಹೊರಗಿಟ್ಟಾಗ, ಒಳಗೆ ಬಿಸಿ ಇದ್ದದ್ದರಿಂದ ಹೀಟರ್ ಹೊತ್ತಿಕೊಂಡೇ ಇತ್ತು. ಎಲ್ಲರಿಗೂ ಖುಷಿ. ಚಳಿಗಾಲಕ್ಕೆ ಮುಂಚಿನ ಕೊನೆಯ ವಿಮಾನದಲ್ಲಿ ಅವಳೂ ಹೊರಟುಹೋದಳು. ಆಮೇಲೊಂದು ದಿನ ಬಿರುಗಾಳಿಗೆ ಅಲ್ಲಿಟ್ಟಿದ್ದ ಜನರೇಟರಿನ ಕರೆಂಟು ಸ್ವಲ್ಪ ಹೊತ್ತು ಹೋಗಿ ಬಂತು. ಅಷ್ಟರಲ್ಲಿ ಒಳಗೆ ತಣ್ಣಗಾಗಿ, ಟಕ್ ಎಂದಿರಬೇಕು. ಕರೆಂಟು ಬಂದರೂ ಹೀಟರ್ ಮತ್ತೆ ಹೊತ್ತಲಿಲ್ಲ. ಮೂರು ದಿನ ನನ್ನ ಮೊಬೈಲಿಗೆ ಬರುತ್ತಿದ್ದ ಉಷ್ಣತೆಯ ಅಂಕಿ ಇಳಿಯುತ್ತಲೇ ಹೋಯಿತು. ನಾಲ್ಕನೆಯ ದಿನ ಸುದ್ದಿಯೇ ಇಲ್ಲ. ಡ್ರಾಯಿಂಗ್ ತೆಗೆದು ನೋಡಿದೆ. ತಪ್ಪು ಕಣ್ಣಿಗೆ ರಾಚುತ್ತಿತ್ತು.

ಬ್ಯಾಟರಿ ಹೋಗಿದೆ ಎಂದು ಬರೆದುಬಿಡು, ಯಾರು ಹೋಗಿ ನೋಡುತ್ತಾರೆ ಎಂದರು ಫೋರ್‌ಮನ್. ಅವರ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು. ಇದ್ದದ್ದು ಇದ್ದ ಹಾಗೆ ಅವಳಿಗೆ ಬರೆದೆ. ಬೈದಿದ್ದರೆ ಒಳ್ಳೆಯದಿತ್ತು. ಎರಡು ತಂತಿ ಅದಲುಬದಲು ಮಾಡಿದರೆ ಸರಿಯಾಗುತ್ತದೆಯೇ ಎಂದಷ್ಟೇ ಕೇಳಿದಳು. ಆಗುತ್ತದೆ ಎಂದು ಬರೆದೆ. ಒಂದು ನಿಮಿಷದ ಕೆಲಸ. ಆ ಒಂದು ನಿಮಿಷಕ್ಕೆ ಅಲ್ಲಿಗೆ ಮನುಷ್ಯ ಹೋಗಲು ಇನ್ನೂ ಎಂಟು ತಿಂಗಳು. ಅಷ್ಟರಲ್ಲಿ ಅವಳ ಚಳಿಗಾಲ ಮುಗಿದಿರುತ್ತದೆ.

ನಿನ್ನೆ ಮಧ್ಯಾಹ್ನ ಬುಸೈತೀನ್‌ನ ಒಂದು ವಿಲ್ಲಾದಲ್ಲಿ ಎ.ಸಿ. ರಿಪೇರಿ ಮಾಡಿದೆ. ಕೋಣೆ ತಂಪಾಯಿತು, ಟಕ್ ಎಂದಿತು. ಮನೆಯಾತ ತಮಾಮ್, ಎಲ್ಲ ಸರಿಯಾಯಿತು ಎಂದು ಬಾಗಿಲು ತೆರೆದು ಹಿಡಿದ. ನಾನು ಏಣಿಯಿಂದ ಇಳಿಯಲಿಲ್ಲ. ಅದು ಮತ್ತೆ ಶುರುವಾಗುವವರೆಗೂ ಅಲ್ಲೇ ಕಾದೆ.